ಹೊಗೆ ಬಿಟ್ಟು ಸೊಪ್ಪು ಹಿಡಿದವರು

ಮುಂಗಾರು ಹಿಡಿಯಿತೆಂದರೆ ಸಕಲೇಶಪುರದ ಹೆತ್ತೂರು, ಹಾನುಬಾಳು ಕಡೆಯ ಕಾಫಿ ತೋಟಗಳಲ್ಲಿ ಬೀಡಿ ಹೊತ್ತಿಸುವುದೇ ಕಷ್ಟ. ಬೆಂಕಿಪೊಟ್ಟಣ ತಂಡಿ ಹಿಡಿದಿರುತ್ತದೆ, ಎರಡು ಕೈಯೂ ಕೆಲಸದಲ್ಲಿರುತ್ತವೆ. ಎಲೆಗೆ ಸುಣ್ಣ ಸವರಿ, ಅಡಿಕೆಯ ಜೊತೆ ಚಿಟಿಕೆ ಹೊಗೆಸೊಪ್ಪಿನ ಕಡ್ಡಿಪುಡಿ ಇಟ್ಟು ದವಡೆಗೆ ಒತ್ತಿಕೊಂಡರೆ ಮಳೆಯ ಗೊಡವೆಯಿಲ್ಲ. ಆದರೆ ಬೀಡಿಯಿಂದ ಎಲೆಯಡಿಕೆಗೆ ಹೊರಳುವುದು ಮಳೆಯೊಂದರಿಂದಲೇ ಅಲ್ಲ. ಬೆಳಗಿನ ಕೆಮ್ಮು ಹೆದರಿಸುತ್ತದೆ, ವಾಸನೆಗೆ ಮನೆಯವರು ಮುಖ ತಿರುಗಿಸುತ್ತಾರೆ, 2008ರ ಅಕ್ಟೋಬರ್ 2ರಿಂದ ಬಸ್ ನಿಲ್ದಾಣದಲ್ಲಿ ಸೇದಿದರೆ ದಂಡ ಬೇರೆ. ಪೂರ್ತಿ ಬಿಡುವ ಧೈರ್ಯ ಸಾಲದವರಿಗೆ ಇದೊಂದು ರಾಜಿ. ಕೆಮ್ಮು ಒಂದಿಷ್ಟು ಇಳಿದರಂತೂ ನಂಬಿಕೆ ಗಟ್ಟಿಯಾಗಿಬಿಡುತ್ತದೆ.

ಶ್ವಾಸಕೋಶದ ಮಟ್ಟಿಗೆ ಆ ನಂಬಿಕೆ ಸುಳ್ಳಲ್ಲ. ಸುಟ್ಟಾಗ ಹುಟ್ಟುವ ಟಾರು, ಕಾರ್ಬನ್ ಮಾನಾಕ್ಸೈಡ್ ಅಗಿಯುವವರ ಎದೆಗೆ ಇಳಿಯುವುದಿಲ್ಲ. ಪೆಟ್ಟು ಬೀಳುವುದು ಬಾಯಿಗೆ. ಸುಣ್ಣದ ಕ್ಷಾರದಿಂದಾಗಿ ನಿಕೋಟಿನ್ ಕೆನ್ನೆಯ ಒಳಪೊರೆಯನ್ನು ಸಲೀಸಾಗಿ ದಾಟುತ್ತದೆ, ಚಟ ಇನ್ನಷ್ಟು ಬೇರೂರುತ್ತದೆ. ಸೊಪ್ಪು ಹದವಾಗುವಾಗ ಹುಟ್ಟಿದ, ಕ್ಯಾನ್ಸರ್ ತರುವ ನೈಟ್ರೋಸಮೈನ್‌ಗಳು ಅದೇ ಜಾಗಕ್ಕೆ ಮತ್ತೆ ಮತ್ತೆ ತಾಗುತ್ತವೆ. ಹೊಗೆಸೊಪ್ಪು ಸೇರದ ಬರೀ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕ ಎಂದೇ ಗುರುತಿಸಿದೆ. ಅಡಿಕೆ ಬೆಳೆಯುವ ಮಲೆನಾಡಿಗೆ ರುಚಿಸುವ ಮಾತಲ್ಲ ಇದು. ಸೊಪ್ಪಿನ ಖಾರವೇನೂ ತೋಟದವರಿಗೆ ಹೊಸದಲ್ಲ. ಕಾಲಿಗೆ ಹತ್ತಿದ ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಕಟ್ಟಿದ ಬಟ್ಟೆ ಮುಟ್ಟಿಸಿದರೆ ಅದು ಸುರುಟಿಕೊಂಡು ಉದುರುವುದನ್ನು ಕಂಡವರೇ ಅವರು.

ಕಡಿಮೆ ಕೆಡುಕಿನ ಆಸೆಯನ್ನು ಚೆನ್ನಾಗಿ ಮಾರಿದವು ಸಿಗರೇಟು ಕಂಪನಿಗಳು. 1950ರ ಅಧ್ಯಯನಗಳು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಬಯಲಿಗೆಳೆದ ಮೇಲೆ ಫಿಲ್ಟರ್‌ಗಳಿಗೆ ಸುಗ್ಗಿ. 1952ರಿಂದ 1956ರವರೆಗೆ ಅಮೆರಿಕದ ಕೆಂಟ್ ಸಿಗರೇಟಿನ ಫಿಲ್ಟರಿನಲ್ಲಿ ಇದ್ದದ್ದು ಕಲ್ನಾರು! ಆಮೇಲೆ ಬಂದ 'ಲೈಟ್' ಸಿಗರೇಟುಗಳ ಫಿಲ್ಟರಿನ ಸುತ್ತ ಸಣ್ಣ ಸಣ್ಣ ತೂತು. ಯಂತ್ರ ಸೇದುವಾಗ ಗಾಳಿ ಬೆರೆತು ಟಾರಿನ ಲೆಕ್ಕ ಇಳಿಯುತ್ತದೆ. ಮನುಷ್ಯರು ಸೇದುವಾಗ ಬೆರಳೋ ತುಟಿಯೋ ಆ ತೂತುಗಳನ್ನು ಮುಚ್ಚುತ್ತದೆ, ನಿಕೋಟಿನ್ ಸಾಲದೆಂದು ದಮ್ಮೂ ಜೋರಾಗುತ್ತದೆ. ಅಮೆರಿಕ 2010ರಲ್ಲಿ ಪೊಟ್ಟಣದ ಮೇಲಿಂದ 'ಲೈಟ್' ಎಂಬ ಪದವನ್ನೇ ತೆಗೆಸಿತು. ಇ-ಸಿಗರೇಟಿಗೆ ಕರ್ನಾಟಕ 2016ರಲ್ಲೇ ನಿಷೇಧ ಹೇರಿತು, ದೇಶಕ್ಕೆಲ್ಲ ಅದು ಬಂದದ್ದು 2019ರಲ್ಲಿ.

ಸ್ವೀಡನ್ನಿನ ಹೊಗೆಯಿಲ್ಲದ ತಂಬಾಕು ಸ್ನೂಸ್‌ನ ಉದಾಹರಣೆ ಕೊಡುವವರಿದ್ದಾರೆ. ಅದರಲ್ಲಿ ಅಡಿಕೆಯಿಲ್ಲ, ಹಬೆಯಲ್ಲಿ ಹದ ಮಾಡುವುದರಿಂದ ನೈಟ್ರೋಸಮೈನೂ ಕಡಿಮೆ. ನಮ್ಮ ಕಡ್ಡಿಪುಡಿಗೆ ಆ ಲೆಕ್ಕ ಹೊಂದದು. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ. 8.8, ಹೊಗೆಯಿಲ್ಲದ ತಂಬಾಕಿನವರು ಶೇ. 16.3. ಹಗಲು ಅಗಿದು ಸಂಜೆ ಬೀಡಿ ಹಚ್ಚುವವರು ಎರಡೂ ಲೆಕ್ಕಕ್ಕೆ ಸೇರುತ್ತಾರೆ.

ಬಿಡಲೇಬೇಕೆಂದು ಹೊರಟವರಿಗೆ ಔಷಧದಂಗಡಿಯಲ್ಲಿ ನಿಕೋಟಿನ್ ಗಮ್ ಸಿಗುತ್ತದೆ, 1800-11-2356ಕ್ಕೆ ಉಚಿತವಾಗಿ ಕರೆ ಮಾಡಿ ಸಲಹೆಯನ್ನೂ ಪಡೆಯಬಹುದು. ಗಮ್ಮನ್ನು ಒಂದೇ ಸಮ ಜಗಿಯಬಾರದು. ಕೆಲವು ಸಲ ಅಗಿದು ಕೆನ್ನೆಗೊತ್ತಿ ಇಡಬೇಕು, ಎಲೆಯಡಿಕೆಯವರಿಗೆ ಇದು ರೂಢಿಯ ಕೆಲಸ. ಕಾಫಿ ಸೀಮೆಗೆ ಕಷ್ಟವಾಗುವ ನಿಯಮ ಇನ್ನೊಂದಿದೆ. ಕಾಫಿಯ ಹುಳಿ ಬಾಯಲ್ಲಿದ್ದರೆ ಗಮ್ಮಿನ ನಿಕೋಟಿನ್ ಮೈಗೆ ಸರಿಯಾಗಿ ಸೇರುವುದಿಲ್ಲವಾದ್ದರಿಂದ ಗಮ್ ಹಾಕುವ 15 ನಿಮಿಷ ಮೊದಲಿನಿಂದ ಕಾಫಿ ಕುಡಿಯುವಂತಿಲ್ಲ.