ನಿಮಗಿದು ಗೊತ್ತೇ? ಪರೀಕ್ಷೆಯೇ ಮದ್ದಾದ ಕಥೆ!

ಸ್ವಭಾವ ಅಳೆಯುವ ಮೊದಮೊದಲ ಪ್ರಶ್ನಾವಳಿ ಹುಟ್ಟಿದ್ದು ಯುದ್ಧದ ಗದ್ದಲದಲ್ಲಿ! ಮೊದಲ ಮಹಾಯುದ್ಧದಲ್ಲಿ ಮನಸ್ಸು ಕುಸಿಯಬಹುದಾದ ಸೈನಿಕರನ್ನು ಮುಂಚೆಯೇ ಗುರುತಿಸಲು ಅಮೆರಿಕದ ರಾಬರ್ಟ್ ವುಡ್‌ವರ್ತ್ ಅದನ್ನು ಬರೆದರು. ಆದರೆ ಅದು ಬಳಕೆಗೆ ಬರುವಷ್ಟರಲ್ಲಿ ಯುದ್ಧವೇ ಮುಗಿದಿತ್ತು!

ಶಾಯಿ ಕಲೆಯ 10 ಚಿತ್ರ ತೋರಿಸಿ "ಇದರಲ್ಲಿ ಏನು ಕಾಣುತ್ತೆ?" ಎಂದು ಕೇಳುವ ಪರೀಕ್ಷೆ 1921ರದು. ಅದನ್ನು ರೂಪಿಸಿದ ಸ್ವಿಟ್ಜರ್ಲೆಂಡಿನ ಹರ್ಮನ್ ರೋರ್ಶಾಕ್‌ಗೆ ಶಾಲೆಯ ಗೆಳೆಯರು ಇಟ್ಟಿದ್ದ ಅಡ್ಡಹೆಸರೇನು ಹೇಳಿ? ಶಾಯಿ ಕಲೆ!

ಸ್ವಭಾವ ಅಳೆಯಲು 1943ರಲ್ಲಿ ಬಂದ ಮಿನೆಸೋಟಾ ಪರೀಕ್ಷೆಗೆ, ರೋಗಿಗಳೊಡನೆ ಹೋಲಿಸಲು 'ಆರೋಗ್ಯವಂತರು' ಸಿಕ್ಕಿದ್ದೆಲ್ಲಿ ಗೊತ್ತೇ? ಬಹುಪಾಲು ಆಸ್ಪತ್ರೆಯಲ್ಲೇ! ರೋಗಿಗಳನ್ನು ನೋಡಲು ಬಂದ ನೆಂಟರಿಷ್ಟರನ್ನೇ ಕೂರಿಸಿ ಉತ್ತರ ಬರೆಸಿದರು. ಅದರ 1989ರ ಪರಿಷ್ಕೃತ ರೂಪದಲ್ಲಿ 567 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ 'ಸರಿ' ಇಲ್ಲವೇ 'ತಪ್ಪು' ಅನ್ನಬೇಕು. ತನ್ನನ್ನು ತಾನೇ ತೀರಾ ಒಳ್ಳೆಯವನೆಂದು ತೋರಿಸಿಕೊಂಡವನನ್ನು ಹಿಡಿಯುವ ಹೇಳಿಕೆಗಳೂ ಅದರಲ್ಲೇ ಅಡಗಿವೆ!

ಈಗ ನಿಜವಾದ ಅಚ್ಚರಿ ಕೇಳಿ. ಟೆಕ್ಸಸ್‌ನಲ್ಲಿ ಆಪ್ತಸಮಾಲೋಚನೆಗೆ ಸರದಿ ಕಾಯುತ್ತಿದ್ದ ವಿದ್ಯಾರ್ಥಿಗಳಿಗೆ ಇದೇ ಪರೀಕ್ಷೆ ಕೊಟ್ಟು, ಫಲಿತಾಂಶದ ಬಗ್ಗೆ ಅವರ ಜೊತೆಯೇ ಕೂತು ಮಾತಾಡಿದರು. ಅಷ್ಟಕ್ಕೇ ಅವರ ಸಂಕಟ ಇಳಿಯಿತು, ತಮ್ಮ ಮೇಲಿನ ಗೌರವ ಏರಿತು! ಈ ಅಧ್ಯಯನ ನಡೆಸಿದ ಮನಶ್ಶಾಸ್ತ್ರಜ್ಞರಾದ ಸ್ಟೀಫನ್ ಫಿನ್ ಮತ್ತು ಮೇರಿ ಟಾನ್ಸೇಜರ್ ಇದನ್ನು ಪ್ರಕಟಿಸಿದ್ದು 1992ರಲ್ಲಿ.

ಪರೀಕ್ಷೆ ನಡೆಸುವ ಫಿನ್ ಅವರ ಕ್ರಮವಂತೂ ಇನ್ನೂ ಚೆಂದ. ಮೊದಲ ಪ್ರಶ್ನೆ ಕೇಳುವುದು ಪರೀಕ್ಷಕರಲ್ಲ, ಬಂದವರು! "ನನಗ್ಯಾಕೆ ಇಷ್ಟು ಬೇಗ ಸಿಟ್ಟು ಬರುತ್ತೆ?" "ನಾನ್ಯಾಕೆ ಯಾರನ್ನೂ ನಂಬಲ್ಲ?" ಹೀಗೆ. ಪರೀಕ್ಷೆ ಮುಗಿದ ಮೇಲೆ ಒಪ್ಪಿಕೊಳ್ಳಲು ಸುಲಭವಾದದ್ದನ್ನು ಮೊದಲು ಹೇಳುತ್ತಾರೆ, ಕಹಿ ಮಾತು ಕೊನೆಗೆ. ಉತ್ತರ ಬರುವುದು ಕಾಗದದಲ್ಲಿ, ಅವರವರ ಹೆಸರಿಗೆ. ಮಕ್ಕಳಿಗಾದರೆ ಅವರಿಗಾಗಿಯೇ ಬರೆದ ಒಂದು ಕಥೆ! ವರದಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದಕ್ಕಿಂತ ಇದೆಷ್ಟು ಮನುಷ್ಯತ್ವದ ಕೆಲಸ!

ಮೊಬೈಲಿನಲ್ಲಿ ಬರುವ 'ನಿಮ್ಮ ಸ್ವಭಾವ ತಿಳಿಯಿರಿ' ಆಟಗಳನ್ನು ಮಾತ್ರ ನಂಬಬೇಡಿ. 1948ರಲ್ಲಿ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 39 ವಿದ್ಯಾರ್ಥಿಗಳಿಗೆ ಒಂದೇ ಒಂದು ಬರಹ ಹಂಚಿ, "ಇದು ನಿನ್ನದೇ ಸ್ವಭಾವ" ಅಂದರು. ಅದು ತಮಗೆಷ್ಟು ಹೊಂದುತ್ತದೆ ಎಂದು ವಿದ್ಯಾರ್ಥಿಗಳು ಕೊಟ್ಟ ಸರಾಸರಿ ಅಂಕ ಐದಕ್ಕೆ 4.26! ಬರಹದ ಸಾಲುಗಳು ಬಂದದ್ದು ಜ್ಯೋತಿಷ್ಯದ ಪುಸ್ತಕದಿಂದ!

ಒಳ್ಳೆಯ ಪರೀಕ್ಷೆಗೆ ಭಾಷೆಯೂ ಮುಖ್ಯ. ಬುದ್ಧಿ ಅಳೆಯುವ ಬಿನೆ ಪರೀಕ್ಷೆಯನ್ನು ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದ್ದು 1934ರಷ್ಟು ಹಿಂದೆ!

ಆದರೆ ಬದುಕೇ ಬೇಡ ಅನ್ನಿಸಿದ ಹೊತ್ತಿನಲ್ಲಿ ಮೊದಲು ಬೇಕಾದ್ದು ಪರೀಕ್ಷೆಯಲ್ಲ, ಜೊತೆಗೊಬ್ಬರು. ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲದಲ್ಲಿ ಮನೆಮಾತು ಕನ್ನಡ, ಕಚೇರಿ ಮಾತು ತೆಲುಗು ಆದವರೂ ಹಿಂಜರಿಯಬೇಕಿಲ್ಲ. ಮಾನಸಿಕ ಆರೋಗ್ಯಕ್ಕಾಗಿ ಟೆಲಿ ಮನಸ್ ಸಹಾಯವಾಣಿ 2022ರಿಂದ ಇದೆ. ಕನ್ನಡವೂ ಅದರ ಭಾಷೆ, ತೆಲುಗೂ ಅದರ ಭಾಷೆ. ಹಗಲೂ ರಾತ್ರಿ, ಉಚಿತ. 14416, ಈಗಲೇ ಫೋನಿನಲ್ಲಿ ಉಳಿಸಿಕೊಳ್ಳಿ!