ಊರಿನ ವಿಳಾಸ ನಾಲ್ಕು ಸಲ ಬದಲಾಯ್ತು, ಕಾಪುವಿನ ದೀಪ ಅಲ್ಲೇ ಇದೆ

ಉಡುಪಿಯಿಂದ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸು ಕಾಪು ಪೇಟೆಯಲ್ಲಿ ನಿಲ್ಲುವುದು ಅರೆಗಳಿಗೆ. "ಕಾಪು, ಕಾಪು, ಬೇಗ ಇಳೀರಿ" ಎಂದು ಕಂಡಕ್ಟರ್ ಕೂಗುವಷ್ಟರಲ್ಲಿ ಡ್ರೈವರ್ ಗೇರು ಹಾಕಿ ಆಗಿರುತ್ತದೆ. ಹೀಗೆ ದಿನಾ ಹೋಗಿಬರುವ ನಮ್ಮಲ್ಲಿ ಎಷ್ಟು ಮಂದಿ ಪಡುವಣ ದಿಕ್ಕಿಗೆ ಸುಮ್ಮನೆ ಒಮ್ಮೆ ಯೋಚನೆ ಹರಿಸಿದ್ದೇವೆ? ಆ ತೆಂಗಿನ ತೋಟಗಳ ಆಚೆ, ಕಡಲ ಬಂಡೆಯ ಮೇಲೆ ಒಂದು ಗೋಪುರ 1901ರಿಂದ ರಾತ್ರಿಪಾಳಿ ಮಾಡುತ್ತಾ ನಿಂತಿದೆ.

ಕಾಪು ದೀಪಸ್ತಂಭ ಗೊತ್ತಿಲ್ಲದವರು ಯಾರು ಅಂತೀರಾ? ಸರಿಯೇ. ಭಾನುವಾರ ಸಂಜೆ ಮಕ್ಕಳ ಜತೆ ಹೋಗಿ, ಚರುಮುರಿ ತಿಂದು, ಫೋಟೊ ತೆಗೆಸಿಕೊಂಡು ಬರುವ ಜಾಗ ಎಂದು ಎಲ್ಲರಿಗೂ ಗೊತ್ತು. ಆದರೆ ಅದು ಯಾಕಿದೆ, ಯಾರಿಗಾಗಿ ಉರಿಯುತ್ತದೆ, ಅದರ ಖರ್ಚು ಯಾರ ಕೈಯಿಂದ ಎಂದು ಕೇಳಿ ನೋಡಿ. ತಲೆ ಕೆರೆದುಕೊಳ್ಳುವವರೇ ಹೆಚ್ಚು.

ಕಾವಿ ಬಟ್ಟೆಯ ಸನ್ನೆ

ನಮ್ಮ ಕರಾವಳಿಯಲ್ಲಿ ಹಡಗಿಗೆ ದಾರಿ ತೋರಿದ ಕಥೆ 13ನೇ ಶತಮಾನದಷ್ಟು ಹಳೆಯದು. ಮಲ್ಪೆಯ ಕಡಲಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿಗೆ ಮಧ್ವಾಚಾರ್ಯರು ದಡದಿಂದ ತಮ್ಮ ಬಟ್ಟೆ ಬೀಸಿ ದಾರಿ ತೋರಿಸಿದರು, ಬದುಕಿಕೊಂಡ ನಾವಿಕ ಕೊಟ್ಟ ಗೋಪೀಚಂದನದ ಗಡ್ಡೆಯಲ್ಲಿ ಉಡುಪಿಯ ಕೃಷ್ಣ ಸಿಕ್ಕಿದ ಎಂಬುದು ಪ್ರತೀತಿ. ಭಕ್ತರಿಗೆ ಅದು ಪವಾಡ. ಕಡಲಿಗೆ ಹೋಗುವವನಿಗೆ ಅದರಲ್ಲಿ ಇನ್ನೊಂದು ಮಾತೂ ಕೇಳಿಸುತ್ತದೆ: ದಡದಲ್ಲಿ ಒಬ್ಬ ಎಚ್ಚರವಾಗಿದ್ದರೆ ನೀರಿನಲ್ಲಿರುವ ಹತ್ತು ಜನ ಮನೆ ಸೇರುತ್ತಾರೆ.

ಬಾರ್ಕೂರು, ಬಸ್ರೂರು ದೊಡ್ಡ ಬಂದರುಗಳಾಗಿ ಮೆರೆದ ಕಾಲದಲ್ಲಿ ನಾವಿಕರಿಗೆ ಹಗಲಲ್ಲಿ ಗುಡ್ಡವೇ ಗುರುತು, ರಾತ್ರಿ ನಕ್ಷತ್ರವೇ ಗತಿ. ಘಟ್ಟದ ಕುದುರೆಮುಖಕ್ಕೆ ಆ ಹೆಸರು ಬಂದದ್ದೂ ಅದರ ಕುದುರೆಯ ಮೋರೆಯಂಥ ಆಕಾರದಿಂದ. 1498ರಲ್ಲಿ ಬಂದ ವಾಸ್ಕೋ ಡ ಗಾಮ ಮಲ್ಪೆಯೆದುರಿನ ದ್ವೀಪದಲ್ಲಿ ಶಿಲುಬೆ ನೆಟ್ಟು ಸೇಂಟ್ ಮೇರಿ ಹೆಸರಿಟ್ಟ ಎನ್ನುತ್ತಾರೆ. ಆದರೆ ಅಮಾವಾಸ್ಯೆಯ ರಾತ್ರಿ ಮೋಡ ಕವಿದರೆ ಗುಡ್ಡವೂ ಇಲ್ಲ, ನಕ್ಷತ್ರವೂ ಇಲ್ಲ. ಕಾಪು, ಮುಲ್ಕಿ ಕಡೆಯ ನೀರಿನಲ್ಲಿ ಬಂಡೆಗಳು ಮಾತ್ರ ಇದ್ದಲ್ಲೇ ಇರುತ್ತವೆ.

ಎರಡು ಗೊಮ್ಮಟನಷ್ಟು ಎತ್ತರ

1901ರಲ್ಲಿ ಬ್ರಿಟಿಷರ ಕಾಲದಲ್ಲಿ ದೀಪಸ್ತಂಭ ಎದ್ದು ನಿಂತಾಗ ಮಂಗಳೂರಿಗೆ ರೈಲು ಕೂಡ ಬಂದಿರಲಿಲ್ಲ. ಅದು ಬಂದದ್ದು 1907ರಲ್ಲಿ. ಉಡುಪಿಗೋ, 1993ರವರೆಗೆ ಕೊಂಕಣ ರೈಲಿಗಾಗಿ ಕಾಯಬೇಕಾಯಿತು. ಆಗ ಅಂಗಡಿಗೆ ಬರುವ ದೂರದೂರಿನ ಸಾಮಾನು, ಇಲ್ಲಿಂದ ಹೊರಡುವ ಮಂಗಳೂರು ಹಂಚು ಎಲ್ಲಕ್ಕೂ ಕಡಲೇ ಹೆದ್ದಾರಿ, ಮಂಜಿ ಪತ್ತೆಮಾರಿಗಳೇ ಲಾರಿ. ಹೆದ್ದಾರಿ ಅಂದ ಮೇಲೆ ದೀಪ ಬೇಡವೇ?

ಗೋಪುರದ ಎತ್ತರ 27.12 ಮೀಟರ್, ಅಂದರೆ 89 ಅಡಿ. ಇದು ಎಷ್ಟು ಎಂದು ತಿಳಿಯಬೇಕಾದರೆ ಕಾರ್ಕಳಕ್ಕೆ ಹೋಗಿ. 1432ರಲ್ಲಿ ನಿಲ್ಲಿಸಿದ ಗೊಮ್ಮಟ ಸುಮಾರು 42 ಅಡಿ. ಒಬ್ಬ ಗೊಮ್ಮಟನ ತಲೆಯ ಮೇಲೆ ಇನ್ನೊಬ್ಬ ಗೊಮ್ಮಟನನ್ನು ನಿಲ್ಲಿಸಿದರೂ ಇನ್ನೂ ನಾಲ್ಕೈದು ಅಡಿ ಕಮ್ಮಿಯೇ.

ಇಷ್ಟೆತ್ತರ ಸುಮ್ಮನೆ ಕಟ್ಟಿದ್ದಲ್ಲ. ಭೂಮಿ ಗುಂಡಗಿದೆಯಲ್ಲ, ಮರಳಿನ ಮೇಲೆ ನಿಂತವನಿಗೆ ಕಡಲು ಸುಮಾರು ನಾಲ್ಕೂವರೆ ಕಿ.ಮೀ. ದೂರಕ್ಕೆ ಮುಗಿದುಹೋಗುತ್ತದೆ. 27 ಮೀಟರ್ ಮೇಲೇರಿದರೆ ಅದೇ ದೃಷ್ಟಿ 18 ಕಿ.ಮೀ. ದಾಟುತ್ತದೆ. ಅಡಿಯ ಬಂಡೆಯ ಎತ್ತರ ಸೇರಿಸಿದರೆ ಇನ್ನೂ ಆಚೆಗೆ. ಎದುರಿನವನು ಹಡಗಿನ ಎತ್ತರದ ಅಟ್ಟದ ಮೇಲಿದ್ದರಂತೂ ಮತ್ತಷ್ಟು ಮೊದಲೇ ಬೆಳಕು ಕಣ್ಣಿಗೆ ಬೀಳುತ್ತದೆ.

ಆ ಕಾಲದ ದೀಪಸ್ತಂಭಗಳಲ್ಲಿ ಉರಿಯುತ್ತಿದ್ದುದು ನಮ್ಮ ಮನೆ ಲಾಟೀನಿನ ಸೀಮೆಎಣ್ಣೆಯೇ. ಚಮತ್ಕಾರ ಇದ್ದದ್ದು ಗಾಜಿನಲ್ಲಿ. ಫ್ರಾನ್ಸಿನ ಫ್ರೆನೆಲ್ ಎಂಬಾತ 1822ರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗಾಜು ಜೋಡಿಸಿ ಒಂದು ಮಸೂರ ಮಾಡಿದ. ಸುತ್ತಲೂ ಚೆಲ್ಲಿಹೋಗುವ ಬೆಳಕನ್ನು ಅದು ಹಿಡಿದು, ಒಟ್ಟುಮಾಡಿ, ನೇರ ಕಡಲಿಗೆ ಅಟ್ಟಿತು. ಜಗತ್ತಿನ ದೀಪಸ್ತಂಭಗಳ ಹಣೆಬರಹ ಬದಲಾದದ್ದು ಅದರಿಂದ. ಈಗ ಕಾಪುವಿನಲ್ಲೂ ಕರೆಂಟು ಬಂದಿದೆ.

ಮತ್ತೊಂದು ಗುಟ್ಟು. ಅಕ್ಕಪಕ್ಕದ ಎರಡು ದೀಪಸ್ತಂಭ ಒಂದೇ ರೀತಿ ಮಿನುಗುವುದಿಲ್ಲ. ಎಷ್ಟು ಸೆಕೆಂಡಿಗೆ ಎಷ್ಟು ಮಿಂಚು ಎಂಬುದು ಒಂದೊಂದಕ್ಕೂ ಬೇರೆ. ನಾವಿಕ ಗಡಿಯಾರ ಹಿಡಿದು ಎಣಿಸಿ, ಇದು ಇಂಥ ಊರು ಎಂದು ಹೇಳಿಬಿಡುತ್ತಾನೆ. ನಮಗೆ ಬಸ್ಸಿನ ಬೋರ್ಡು ಹೇಗೋ, ಅವನಿಗೆ ಈ ಮಿಂಚು ಹಾಗೆ.

ಬಿಲ್ಲು ಯಾರು ಕಟ್ಟುವುದು?

ದೀಪ ಹಚ್ಚಿದಾಗ ಕಾಪು ಮದ್ರಾಸ್ ಪ್ರಾಂತ್ಯದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯವಾಯಿತು, 1973ರಲ್ಲಿ ಕರ್ನಾಟಕವಾಯಿತು, 1997ರಲ್ಲಿ ಉಡುಪಿ ಜಿಲ್ಲೆಯಾಯಿತು, 2018ರಲ್ಲಿ ಕಾಪುವೇ ತಾಲೂಕಾಯಿತು. ಉಡುಪಿಯಲ್ಲಿ ಹುಟ್ಟಿ ದೇಶಕ್ಕೆಲ್ಲ ಹಬ್ಬಿದ ಕಾರ್ಪೊರೇಷನ್ ಬ್ಯಾಂಕ್ 1906ರದ್ದು, ಸಿಂಡಿಕೇಟ್ ಬ್ಯಾಂಕ್ 1925ರದ್ದು. ಎರಡೂ ಈ ದೀಪಕ್ಕಿಂತ ಕಿರಿಯವು. 2020ರಲ್ಲಿ ವಿಲೀನವಾಗಿ ಎರಡರ ಬೋರ್ಡೂ ಇಳಿಯಿತು. ದೀಪ ಹಾಗೆಯೇ ಉರಿಯುತ್ತಿದೆ.

ಖರ್ಚಿನ ಮಾತು ವ್ಯಾಪಾರಿಗಳಿಗೆ ಸ್ವಾರಸ್ಯವಾದೀತು. 1927ರ ಕಾಯ್ದೆಯಿಂದಲೇ ದೇಶದ ದೀಪಸ್ತಂಭಗಳಿಗೆಂದು ಹಡಗುಗಳಿಂದ ದೀಪದ ಸುಂಕ ವಸೂಲಿ ಮಾಡುವ ಕ್ರಮವಿದೆ. 2021ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು, ಸುಂಕ ಉಳಿಯಿತು. ಅಂದರೆ ಪರದೇಶದಿಂದ ನಮ್ಮ ಬಂದರಿಗೆ ಬರುವ ದೊಡ್ಡ ಹಡಗು ಕೊಟ್ಟ ದುಡ್ಡಿನಲ್ಲಿ, ಬೂತಾಯಿ ಬಂಗುಡೆ ಹಿಡಿಯುವ ನಾಡದೋಣಿಯವನಿಗೂ ಬೆಳಕು. ಅವನು ಒಂದು ಕಾಸು ಕೊಡಬೇಕಾಗಿಲ್ಲ.

ಈಗಲೂ ಬೇಕೇ?

"ಈಗ ಜಿಪಿಎಸ್ ಇದೆಯಲ್ಲ, ದೀಪ ಯಾಕೆ ಮಾರಾಯ್ರೇ?" ಎಂಬ ಪ್ರಶ್ನೆ ಸಹಜ. ಕಡಲು ಅದಕ್ಕೆ ಆಗಾಗ ಉತ್ತರ ಕೊಡುತ್ತಲೇ ಇದೆ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟಿನ ಏಳು ಮೀನುಗಾರರು ಮರಳಲಿಲ್ಲ. ಬೋಟಿನ ಅವಶೇಷ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಕಡಲಲ್ಲಿ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತವಂತೂ ಕಾಪುವಿನ ಮುಂದೆಯೇ ನಡೆಯಿತು. ಕೋರಮಂಡಲ್ ಸಪೋರ್ಟರ್ ಎಂಬ ಟಗ್ ಹತೋಟಿ ತಪ್ಪಿ ಬಂಡೆಗೆ ಸಿಕ್ಕಿಕೊಂಡಿತು. ಒಳಗಿದ್ದ ಒಂಬತ್ತು ಮಂದಿಯನ್ನು ತಟರಕ್ಷಣಾ ಪಡೆ ಮತ್ತು ನೌಕಾಪಡೆಯವರು ಮೇ 17ರಂದು ಉಳಿಸಿದರು. ಅದೇ ಗಾಳಿಗೆ ಮಗುಚಿದ ಅಲಯನ್ಸ್ ಎಂಬ ಇನ್ನೊಂದು ಟಗ್‌ನಲ್ಲಿದ್ದವರಲ್ಲಿ ಕೆಲವರು ಈಜಿ ದಡ ಸೇರಿದರು, ಕೆಲವರು ಸೇರಲಿಲ್ಲ.

ದೀಪ ಇದ್ದೂ ಹೀಗಾಯಿತಲ್ಲ ಎಂದರೆ, ಹೌದು. ಇಂಜಿನ್ ಕೆಟ್ಟ ಹಡಗನ್ನು ದೀಪ ಎಳೆದು ತರಲಾರದು. ಬಂಡೆ ಎಲ್ಲಿದೆ, ದಡ ಎಲ್ಲಿದೆ ಎಂದಷ್ಟೇ ಅದು ಹೇಳುತ್ತದೆ. ಆದರೆ ಬ್ಯಾಟರಿ ಮುಗಿದ, ಉಪ್ಪುನೀರು ನುಗ್ಗಿ ಮೊಬೈಲು ಸತ್ತ ದೋಣಿಯಲ್ಲಿ ಕೂತವನಿಗೆ ಆ ಅಷ್ಟೇ ಮಾತು ಸಾಕು. ಅವನಿಗೆ ಬೇಕಾದ್ದು ಎರಡು ಕಣ್ಣು, ದಡದಲ್ಲಿ ಒಂದು ಬೆಳಕು.

ಇಂಥ ಕಡಲಿನ ಎದುರು ನಾವು ನಡೆದುಕೊಳ್ಳುವ ರೀತಿಯನ್ನೂ ಒಮ್ಮೆ ನೋಡಿಕೊಳ್ಳಬೇಕು. ಗೋಪುರ ಕಟ್ಟಿದ್ದು ಬಂಡೆ ಅಪಾಯ ಎಂದು ತೋರಿಸಲಿಕ್ಕೆ. ನಾವು ಅದೇ ಬಂಡೆಯ ಪಾಚಿಯ ಮೇಲೆ, ಆಟಿ ತಿಂಗಳ ಅಲೆ ಅಪ್ಪಳಿಸುವಾಗ, ಬೆನ್ನು ಕಡಲಿಗೆ ಹಾಕಿ ಸೆಲ್ಫಿಗೆ ನಿಲ್ಲುತ್ತೇವೆ. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳೇ ದಡ ಹತ್ತಿ ಕೂತಿರುತ್ತವೆ. ಕಡಲಲ್ಲೇ ಹುಟ್ಟಿ ಬೆಳೆದ ಮೊಗವೀರರಿಗೇ ಅಂಜಿಕೆ ಇರುವಾಗ, ಮಣಿಪಾಲದ ಹಾಸ್ಟೆಲಿನಿಂದಲೋ ಘಟ್ಟದ ಮೇಲಿನಿಂದಲೋ ಬಂದ ಹುಡುಗರಿಗೆ ಎಲ್ಲಿಯ ಧೈರ್ಯ? ಇದನ್ನು ಹೇಳಬೇಕಾದವರು ಸರಕಾರದ ಸಿಬ್ಬಂದಿ ಮಾತ್ರ ಅಲ್ಲ. ಬೀಚಿನ ಚರುಮುರಿ ಗಾಡಿಯವರು, ಸೋಡಾ ಅಂಗಡಿಯವರು, ಆಟೊದವರು "ಬಂಡೆ ಹತ್ತಬೇಡಿ ಮಕ್ಕಳೇ" ಎಂದು ಒಂದು ಮಾತು ಗದರಿಸಿದರೆ ಯಾರ ವ್ಯಾಪಾರಕ್ಕೂ ನಷ್ಟವಿಲ್ಲ.

ಕಾಪು ಎಂಬ ಮಾತಿಗೆ ಕನ್ನಡದಲ್ಲಿ ಕಾವಲು, ರಕ್ಷಣೆ ಎಂದು ಅರ್ಥವಿದೆ. ಕತ್ತಲಾದ ಮೇಲೆ ಆ ಕೆಲಸವನ್ನು ದೀಪ ನೋಡಿಕೊಳ್ಳುತ್ತದೆ. ಹಗಲಿನ ಪಾಳಿ ನಮ್ಮದು.