ಮಿದುಳಿನ ಗಡ್ಡೆಯ ದರ್ಜೆಯೂ ಎಂ.ಆರ್.ಐ. ಚಿತ್ರವೂ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯವರಿಗೆ ಬಿಡದ ತಲೆನೋವೋ ಹಿಂದೆಂದೂ ಇಲ್ಲದ ಮೂರ್ಛೆಯೋ ಕಾಣಿಸಿಕೊಂಡು, ಹುಬ್ಬಳ್ಳಿ, ಮಣಿಪಾಲ ಇಲ್ಲವೆ ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಿ ಎಂ.ಆರ್.ಐ. ತೆಗೆಸಿ, ಅದರಲ್ಲಿ ಗಡ್ಡೆಯೊಂದು ಗೋಚರಿಸಿತೆಂದರೆ, ಅದೆಷ್ಟು ಉಗ್ರವಾದುದೆಂಬುದೇ ಮನೆಯವರ ಮೊದಲ ಪ್ರಶ್ನೆಯಾಗುವುದು ಸಹಜ.

ವಿಶ್ವ ಆರೋಗ್ಯ ಸಂಸ್ಥೆಯು ಇಂಥ ಗಡ್ಡೆಗಳನ್ನು 1ರಿಂದ 4ರವರೆಗಿನ ದರ್ಜೆಗಳಲ್ಲಿ ವಿಂಗಡಿಸಿದೆ. 1ನೆಯದು ಮಂದಗತಿಯದು, 4ನೆಯದು ಶೀಘ್ರವಾಗಿ ವರ್ಧಿಸುವಂಥದು. ಈ ದರ್ಜೆಯ ಸುಳಿವು ನೀಡುವ ಎಂ.ಆರ್.ಐ. ಯಂತ್ರವು ಕ್ಷ-ಕಿರಣಗಳ ನೆರವಿಲ್ಲದೆ, ಪ್ರಬಲ ಕಾಂತಕ್ಷೇತ್ರದಲ್ಲಿ ದೇಹದೊಳಗಣ ಜಲಜನಕವು ರೇಡಿಯೋ ತರಂಗಗಳಿಗೆ ತೋರುವ ಪ್ರತಿಕ್ರಿಯೆಯಿಂದ ಚಿತ್ರವನ್ನು ರಚಿಸುತ್ತದೆ. ರಕ್ತನಾಳಕ್ಕೆ ಗ್ಯಾಡೋಲಿನಿಯಂ ಔಷಧವನ್ನು ಚುಚ್ಚಿದರೆ, ರಕ್ತಕ್ಕೂ ಮಿದುಳಿಗೂ ನಡುವಣ ತಡೆ ಶಿಥಿಲವಾದೆಡೆಯಲ್ಲಿ ಅದು ಸೋರಿ ಬೆಳ್ಳಗೆ ಹೊಳೆಯುವುದು. ನಿರ್ಜೀವವಾದ ನಡುಭಾಗವನ್ನು ಬಳಸಿದ ಒರಟು ಬಿಳಿಯ ಉಂಗುರವು ಗ್ಲಯೋಬ್ಲಾಸ್ಟೋಮಾ ಎಂಬ 4ನೆಯ ದರ್ಜೆಯ ಗಡ್ಡೆಯ ಶಂಕೆಯನ್ನು ಹುಟ್ಟಿಸುತ್ತದೆ. ನೀರಿನ ಅಣುಗಳ ಸಂಚಾರ ಕುಂಠಿತವಾಗಿದ್ದರೆ ಜೀವಕೋಶಗಳು ದಟ್ಟವಾಗಿವೆಯೆಂದೂ, ರಕ್ತದ ಪ್ರಮಾಣ ಹೆಚ್ಚಿದ್ದರೆ ನೂತನ ರಕ್ತನಾಳಗಳು ಹಬ್ಬುತ್ತಿವೆಯೆಂದೂ ತಜ್ಞರು ಊಹಿಸುವರು.

ಆದರೂ ಇದು ಅನುಮಾನಪ್ರಮಾಣವೇ ಹೊರತು ಅಂತಿಮ ನಿರ್ಣಯವಲ್ಲ. ಕೀವುಗಟ್ಟಿದ ಬಾವೂ ಉಂಗುರದಂತೆ ತೋರಬಲ್ಲುದು. 1ನೆಯ ದರ್ಜೆಯ ಕೆಲವು ಗಡ್ಡೆಗಳೂ ಹೊಳೆಯುತ್ತವೆ. ಹೊಳೆಯದ ಕೆಲವು ಉಗ್ರವಾಗಿಯೂ ಇರುತ್ತವೆ. ಆದುದರಿಂದ ಶಸ್ತ್ರಕ್ರಿಯೆಯಲ್ಲಿ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣವು ವಿಧಿಸಿರುವಂತೆ ಐ.ಡಿ.ಎಚ್. ಮೊದಲಾದ ವಂಶವಾಹಿಗಳನ್ನೂ ಪರೀಕ್ಷಿಸಿದ ಮೇಲೆಯೇ ದರ್ಜೆ ನಿಶ್ಚಿತವಾಗುವುದು. ಗಡ್ಡೆ ಬೆಳೆದ ಪರಿಯನ್ನು ಹಿಂದಿನ ಚಿತ್ರಗಳೊಡನೆ ಹೋಲಿಸಿಯೇ ಅರಿಯಬೇಕಾದುದರಿಂದ, ದೂರದ ಆಸ್ಪತ್ರೆಗೆ ಹೊರಡುವವರು ಹಳೆಯ ಫಿಲ್ಮು, ಸಿ.ಡಿ.ಗಳನ್ನು ತಪ್ಪದೆ ಕೊಂಡೊಯ್ಯುವುದು ಲೇಸು.